ನಾನು ಮೌನ ಹಿಡಿದವಳಲ್ಲ

ಸುಮ್ಮನೆ ಕೂಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಊಟಕ್ಕೆ ಕೂತರೂ ಉಪ್ಪು ತರುವ ನೆವದಲ್ಲಿ ಒಮ್ಮೆ, ನೀರು ತರುವ ನೆವದಲ್ಲಿ ಒಮ್ಮೆ ಎದ್ದು ಓಡಾಡುವವಳು ನಾನು. ಕೆಲಸವೂ ಅಂಥದ್ದೇ ಸಿಕ್ಕಿತು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮೈದಾನದ ಈ ತುದಿಯಲ್ಲಿ ನಿಂತು ಕೂಗಿದರೆ, ಆ ತುದಿಯ ಕಂಪೌಂಡಿನ ಮೇಲೆ ಕೂತು ಪೇರಲಹಣ್ಣು ತಿನ್ನುತ್ತಿದ್ದ ಹುಡುಗರು ದಡಬಡ ಇಳಿದು ಸಾಲಿಗೆ ಬರುತ್ತಿದ್ದರು. “ಸುವರ್ಣಾ ಟೀಚರ್ ಇದ್ದ ಮ್ಯಾಲೆ ಮೈಕ್ ಯಾಕ್ರಿ ಬೇಕು?” ಎಂದು ನಮ್ಮ ಹೆಡ್‌ಮಾಸ್ತರರು ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆ.

ಆ ಗಂಟಲೇ ಕೈಕೊಟ್ಟಿತು. ಮೊದಲು ಸಂಜೆ ಹೊತ್ತಿಗೆ ಕರಕರ ಎನ್ನುತ್ತಿತ್ತು. ಧೂಳು ಇರಬೇಕು ಅಂದುಕೊಂಡೆ. ಹುಬ್ಬಳ್ಳಿಯ ಧೂಳಿನ ಮೇಲೆ ಯಾವ ತಪ್ಪನ್ನಾದರೂ ಹೊರಿಸಬಹುದು, ಯಾರೂ ಪ್ರಶ್ನೆ ಮಾಡುವುದಿಲ್ಲ. ಜ್ಯೇಷ್ಠಮಧು ಅಗಿದೆ, ಮೆಣಸಿನ ಕಷಾಯ ಕುಡಿದೆ, ಅರಿಶಿನದ ಹಾಲು ಕುಡಿದೆ. ಒಂದು ದಿನ ಶಾಲೆಯಿಂದ ಮನೆಯವರಿಗೆ ಫೋನ್ ಮಾಡಿ “ಸಂಜೀಕ ಬರೂಮುಂದ ಹಾಲ ತಗೊಂಡ ಬರ್ರಿ” ಅಂದೆ. ಅತ್ತ ಕಡೆಯಿಂದ ಅವರು ಬಹಳ ಮರ್ಯಾದೆಯಿಂದ “ಯಾರ್ರಿ ಸರ್ ಮಾತಾಡೋದು?” ಎಂದರು. ಇಪ್ಪತ್ತು ವರ್ಷ ನನ್ನ ಬೈಗುಳ ಕೇಳಿದ ಗಂಡನಿಗೇ ನನ್ನ ಧ್ವನಿ ಗುರುತು ಹತ್ತಲಿಲ್ಲ! ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತೆ. ಏನೂ ಕಾಣಲಿಲ್ಲ. ಹೆದರಿಕೆ ಮಾತ್ರ ಅವತ್ತೇ ಶುರುವಾಯಿತು.

ವಿದ್ಯಾನಗರದ ದವಾಖಾನೆಯ ಕಾಯುವ ಕೋಣೆಯಲ್ಲಿ ಕುರ್ಚಿಗಳು ಒಂದಕ್ಕೊಂದು ಜೋಡಿಸಿದಂಥವು. ನಾನು ಕಾಲು ಅಲ್ಲಾಡಿಸಿದರೆ ಇಡೀ ಸಾಲೇ ಅಲ್ಲಾಡುತ್ತಿತ್ತು. ಪಕ್ಕದಲ್ಲಿದ್ದ ಕಿವಿ ಕೇಳದ ಅಜ್ಜ ನನ್ನತ್ತ ತಿರುಗಿ, “ಯವ್ವಾ, ಭೂಕಂಪ ಆಗಾಕತ್ತೈತೇನು?” ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದ. ಎಲ್ಲರೂ ನಕ್ಕರು. ನಾನು ಕಾಲ ಮೇಲೆ ಕಾಲು ಹಾಕಿ ಬಿಗಿಹಿಡಿದು ಕೂತೆ.

ಡಾಕ್ಟರ್ ಮೇಡಂ ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿದರು. ಪರದೆಯ ಮೇಲೆ ನನ್ನ ಗಂಟಲು ಕಂಡಿತು, ಒದ್ದೆಯಾಗಿ, ಕೆಂಪಗೆ. ಅದರ ಒಂದು ಅಂಚಿನಲ್ಲಿ ಬೆಳ್ಳಗೆ ಒಂದು ಕಲೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡಾಕ್ಟರರು ಮಾತಾಡದೇ ಇದ್ದಾಗ ರೋಗಿ ಏನೇನು ಯೋಚಿಸುತ್ತಾಳೆ ಎನ್ನುವುದನ್ನು ಅವರಿಗೆ ಯಾರಾದರೂ ಹೇಳಿಕೊಡಬೇಕು.

“ಅದನ್ನ ತಗದು ತಪಾಸಣಿಗೆ ಕಳಸೂಣು,” ಎಂದರು.

“ಕ್ಯಾನ್ಸರ್ ಏನ್ರಿ ಮೇಡಂ?”

“ಕಳಸೂಣು. ನೋಡೂಣು.”

ಅಲ್ಲ ಎನ್ನಲಿಲ್ಲ ನೋಡಿ! ಆ ‘ನೋಡೂಣು’ ನನ್ನ ಜೊತೆ ಆಟೋ ಹತ್ತಿ ನವನಗರದ ಮನೆಗೆ ಬಂದು, ನನ್ನ ಹಾಸಿಗೆಯಲ್ಲೇ ಮಲಗಿತು.

ಆಪರೇಶನ್ನು ಸಲೀಸಾಗಿ ಮುಗಿಯಿತು. ಕಷ್ಟ ಆಮೇಲೆ. ಎರಡು ವಾರ ಒಂದು ಮಾತೂ ಆಡಕೂಡದು. ಪಿಸುಮಾತು ಕೂಡದು, ಗಂಟಲು ಕೆರೆಯಕೂಡದು, ಓಡಕೂಡದು, ಭಾರ ಎತ್ತಕೂಡದು. ಈಗ ಮಾತಾಡಿದರೆ ಗಾಯ ಕೆಟ್ಟು ಧ್ವನಿ ಶಾಶ್ವತವಾಗಿ ಹೋಗಬಹುದು ಎಂದು ಮೇಡಂ ಹೇಳಿದರು. ತೆಗೆದ ತುಣುಕನ್ನು ಇನ್ನೊಬ್ಬರೂ ನೋಡಲೆಂದು ಬೇರೆ ಊರಿಗೆ ಕಳಿಸಿದ್ದರಿಂದ ರಿಪೋರ್ಟ್ ಬರುವುದೂ ತಡವಿತ್ತು. ಅವರು ಹೇಳುತ್ತಿದ್ದಾಗ ನಾನು ಮೂರು ಸಲ ಬಾಯಿ ತೆರೆದೆ. ಮೂರನೆಯ ಸಲ ಅವರು ನನ್ನ ಗಂಡನ ಕಡೆ ತಿರುಗಿದರು.

“ಇವರು ಮನ್ಯಾಗ ಇದ್ರ ಮಾತಾಡೇ ಮಾತಾಡ್ತಾರ್ರಿ. ದಿನಾ ಮುಂಜಾನೆ ಗಿಡಾ, ನೀರು ಇರೋ ಕಡೆ ಎಲ್ಲೆರೆ ಕುಂದ್ರಸ್ರಿ. ಸುಮ್ಮ ಕುಂತು ಉಸಿರಿನ ಕಡೆ ಲಕ್ಷ್ಯ ಕೊಡ್ಲಿ, ಹಕ್ಕಿ ನೋಡ್ಲಿ. ಮನಸ್ಸಿಗೂ ಛಲೋ.”

ನಮ್ಮ ಮನೆಯವರು ಬೀಜ-ಗೊಬ್ಬರದ ಅಂಗಡಿಯವರು, ಮಾತು ಕಡಿಮೆ. ಅವತ್ತಿನಿಂದ ಅವರೂ ನನ್ನ ಜೊತೆ ಕೈಸನ್ನೆಯಲ್ಲೇ ಮಾತಾಡತೊಡಗಿದರು. ಬಾಯಿ ಇದ್ದ ಮನುಷ್ಯ ಯಾಕೆ ಹಾಗೆ ಮಾಡಬೇಕು? ಸಂಜೆ ಬಂದವರೇ ಕಿವಿಯ ಹತ್ತಿರ ಕೈ ಹಿಡಿದು ಹುಬ್ಬು ಏರಿಸುವರು. ದವಾಖಾನೆಯಿಂದ ಫೋನ್ ಬಂತೇ ಎಂದು ಅದರ ಅರ್ಥ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ ಚಪ್ಪಲಿಯನ್ನು ಎರಡೆರಡು ಸಲ ನೆಟ್ಟಗೆ ಜೋಡಿಸಿಟ್ಟು ಒಳಗೆ ಹೋಗುವರು. ಪಾಪ, ಅವರಿಗೂ ಜೀವ ಅಲ್ಲಾಡಿತ್ತು.

ಅತ್ತೆಯದು ಬೇರೆಯೇ ಚಿಂತೆ. ಕಾಲೇಜಿಗೆ ಹೋಗುವ ನನ್ನ ಮಗಳನ್ನೂ ನನ್ನನ್ನೂ ಎದುರಿಗೆ ಕೂಡಿಸಿಕೊಂಡು ಬಾಗಿಲು ಹಾಕಿ ಹೇಳಿದರು.

“ಗಂಟಲಾಗ ಅದು ಐತಿ, ಇದು ಐತಿ ಅಂತ ಯಾರ ಮುಂದೂ ಹೇಳಬ್ಯಾಡ್ರವಾ. ಮನ್ಯಾಗ ಬೆಳದ ಹುಡುಗಿ ಅದಾಳ. ನಾಳೆ ಕನ್ಯಾ ನೋಡಾಕ ಬಂದವರು ಅವ್ವಗ ಏನಾಗಿತ್ತು ಅಂತ ಕೇಳಿದ್ರ ಏನ್ ಹೇಳೂದು?”

“ಅಜ್ಜೀ, ನನಗ ಇನ್ನೂ ಪರೀಕ್ಷಾನ ಮುಗದಿಲ್ಲ!” ಎಂದು ಮಗಳು ಒದರಿದಳು. ನನ್ನ ಪಾಲಿನದನ್ನೂ ಅವಳೇ ಒದರಿದಳೆಂದು ಸಮಾಧಾನಪಟ್ಟುಕೊಂಡೆ.

ಆಗಷ್ಟೇ ಶ್ರಾವಣ ಹತ್ತಿತ್ತು. ನಮ್ಮ ಕಡೆ ಶ್ರಾವಣದಲ್ಲಿ ಸ್ವಾಮಿಗಳು ಮೌನ ಅನುಷ್ಠಾನಕ್ಕೆ ಕೂಡುತ್ತಾರೆ. ಭಕ್ತರ ಮನೆಗಳಲ್ಲೂ ಒಬ್ಬಿಬ್ಬರು ಮೌನ ಹಿಡಿಯುವುದುಂಟು. ಎದುರುಮನೆಯವರು “ಸುವರ್ಣಕ್ಕನ ಧ್ವನೀನ ಇಲ್ಲಲ್ರಿ?” ಎಂದು ಕೇಳಿದಾಗ ಅತ್ತೆ ಕಣ್ಣು ಮಿಟುಕಿಸದೆ ಹೇಳಿಬಿಟ್ಟರು: “ನಮ್ಮ ಸೊಸಿ ಈ ಸಲ ಮೌನ ಹಿಡದಾಳ್ರಿ. ಮುಂಜಾನಿ ಎದ್ದು ಕೆರಿ ದಂಡಿಮ್ಯಾಲೆ ಅನುಷ್ಠಾನಕ್ಕ ಕುಂದರತಾಳ.” ಒಳಗೆ ನಿಂತು ಕೇಳಿದ ನನಗೆ ಮೈ ಉರಿದುಹೋಯಿತು. ಬಾಯಿ ತೆರೆದು ಇಲ್ಲ ಎನ್ನುವಂತೆಯೂ ಇಲ್ಲವಲ್ಲ!

ಹೀಗೆ ನಾನು ಉಣಕಲ್ ಕೆರೆಯ ದಂಡೆಗೆ ಬಂದೆ. ವಾಕಿಂಗಿನವರು ತಿರುಗುವ ದಾರಿ ಬಿಟ್ಟು ಆಚೆ, ಒಂದು ಹೊಂಗೆಮರದ ಕೆಳಗೆ ಕಲ್ಲುಬೆಂಚು. ಮನೆಯವರು ಬೈಕಿನಲ್ಲಿ ಬಿಟ್ಟು ಹೋಗುವರು. ತಲೆಯ ಮೇಲೆ ಬಿಳಿ ದುಪಟ್ಟಾ, ಗಂಟಲಿಗೆ ಗಾಳಿ ತಾಗದಿರಲೆಂದು ಬಿಳಿ ಮಫ್ಲರ್. ಜಿಟಿಜಿಟಿ ಮಳೆಗೆ ಕೆರೆಯ ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆಯ ತುಂಬ ಅಂತರಗಂಗೆ ಹಬ್ಬಿ ನೀರೇ ಕಾಣುತ್ತಿರಲಿಲ್ಲ.

ಪ್ರಕೃತಿಯ ಮಡಿಲಲ್ಲಿ ಕೂತರೆ ಮನಸ್ಸು ತಿಳಿಯಾಗುತ್ತದೆ ಎಂದು ಹೇಳುವವರನ್ನು ನಾನು ಒಮ್ಮೆ ಭೇಟಿ ಮಾಡಬೇಕು. ನನ್ನ ಮನಸ್ಸು ಕುದಿಯುವ ಸಾರಿನಂತಿತ್ತು. ಉಸಿರು ಗಮನಿಸು ಎಂದಿದ್ದರು. ಗಮನಿಸಿದರೆ ಸಾಕು, ಉಸಿರು ಗಂಟಲಿನ ಮೂಲಕವೇ ಹೋಗುತ್ತದೆ, ಗಂಟಲೆಂದ ಕೂಡಲೇ ಆ ಬಿಳಿ ಕಲೆ. ಹಕ್ಕಿ ನೋಡು ಎಂದಿದ್ದರು. ಎದುರಿಗೆ ಒಂದು ಬೆಳ್ಳಕ್ಕಿ ಒಂಟಿಕಾಲಿನಲ್ಲಿ ನಿಂತಿರುತ್ತಿತ್ತು, ಅಲ್ಲಾಡದೆ. ಅದರ ಮೇಲೆ ನನಗೆ ವಿನಾಕಾರಣ ಸಿಟ್ಟು. ಮೀನಾದರೂ ಹಿಡಿ, ಇಲ್ಲ ಹಾರಿಯಾದರೂ ಹೋಗು, ಇದೇನು ನಿಲ್ಲುವುದು ಎಂದು ಒಳಗೇ ಬೈಯುತ್ತಿದ್ದೆ. ದೂರದಲ್ಲಿ ವಾಕಿಂಗಿನ ಗಂಡಸರು ಬೆನ್ನು ಬಗ್ಗಿಸಿ, ಫೋನ್ ನೋಡುತ್ತ ಹೋಗುವುದನ್ನು ಕಂಡರೆ ‘ಬೆನ್ನು ನೆಟ್ಟಗ!’ ಎಂಬ ಕೂಗು ಗಂಟಲತನಕ ಬಂದು ನಿಲ್ಲುತ್ತಿತ್ತು. ಎದ್ದು ಬೆಂಚಿನ ಸುತ್ತ ತಿರುಗುವೆ, ಮತ್ತೆ ಕೂಡುವೆ. ಹೊಂಗೆಯ ಎಲೆ ಕಿತ್ತು ನಾಲ್ಕಾಗಿ ಮಡಚುವೆ, ಹರಿಯುವೆ. ನನ್ನ ಧ್ವನಿ ಹೋದರೆ ನಾನು ಯಾರು? ನಾಳೆ ರಿಪೋರ್ಟಿನಲ್ಲಿ ಅದೇ ಇದ್ದರೆ ಗಂಟಲಿಗೆ ತೂತು ಮಾಡುತ್ತಾರೆಯೇ? ಮಗಳನ್ನು ಹೇಗೆ ಕರೆಯಲಿ? ಇಂಥವನ್ನು ಯಾರನ್ನೂ ಕೇಳುವಂತಿರಲಿಲ್ಲ. ಕೇಳುವಂತಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಮೈದಾನದಲ್ಲಿ ಹುಡುಗರಿಗೆ ಧೈರ್ಯ ಹೇಳುವವಳು ನಾನು. ಹೆದರಿದ್ದೇನೆ ಎಂದು ಹೇಳುವ ರೂಢಿಯೇ ನನಗಿರಲಿಲ್ಲ.

ಅಷ್ಟರಲ್ಲಿ ಅತ್ತೆಯ ಮಾತು ಊರು ತಿರುಗಿ ಕೆರೆಗೆ ಬಂದಿತ್ತು. ಮೊದಲು ನಮ್ಮ ಓಣಿಯ ಇಬ್ಬರು ಹೆಂಗಸರು ಬಂದು ಕಾಲಿಗೆ ಬಿದ್ದರು. ನಾನು ಗಾಬರಿಯಾಗಿ ಕಾಲು ಹಿಂದಕ್ಕೆ ಎಳೆದುಕೊಂಡೆ. “ನೋಡ್ರಿ, ಎಷ್ಟ ವಿನಯ!” ಎಂದರು. ಮರುದಿನ ಬಾಳೆಹಣ್ಣು ಬಂದವು. ಫೋನಿನಲ್ಲಿ ‘ನಾನು ಪೇಷಂಟ್’ ಎಂದು ಬರೆದು ತೋರಿಸೋಣವೆಂದರೆ ಅತ್ತೆಯ ಮಾತು, ಮಗಳ ಮುಖ ಕಣ್ಣಮುಂದೆ. ಕೈಮುಗಿದು ಬೇಡವೆಂದರೆ ಅದೇ ಆಶೀರ್ವಾದ ಎಂದುಕೊಂಡರು.

ಒಂದು ದಿನ ಒಬ್ಬ ಯಜಮಾನರು ಛತ್ರಿ ಮಡಚಿ ಎದುರಿಗೆ ನಿಂತರು. “ಅಮ್ಮಾರ, ನನ್ನ ಮಗಗ ಈ ಸಲಾ ನೌಕರಿ ಆಗತೈತೇನ್ರಿ?” ನನ್ನನ್ನು ಕೇಳಬೇಡಿ ಮಾರಾಯರೇ ಎನ್ನುವಂತೆ ನಾನು ಜೋರಾಗಿ ತಲೆ ಅಲ್ಲಾಡಿಸಿದೆ. ಅವರ ಮುಖ ಬಿಳಿಚಿಕೊಂಡಿತು. ಛತ್ರಿ ಬಿಚ್ಚುವುದನ್ನೂ ಮರೆತು ಮಳೆಯಲ್ಲೇ ನಡೆದು ಹೋದರು. ಹಿಂದೆ ಓಡಿ ಹಿಡಿಯೋಣವೆಂದರೆ ಓಡುವಂತಿಲ್ಲ, ಕೂಗುವಂತಿಲ್ಲ. ಅಯ್ಯೋ ಶಿವನೇ! ಆ ಹುಡುಗನಿಗೆ ನೌಕರಿ ಆಗಲೆಂದು ಈಗಲೂ ನೆನಪಾದಾಗ ಬೇಡಿಕೊಳ್ಳುತ್ತೇನೆ. ಅವತ್ತಿನಿಂದ ಯಾರು ಏನು ಕೇಳಿದರೂ ಕತ್ತು ಅಲ್ಲಾಡಿಸುವುದನ್ನು ಬಿಟ್ಟೆ. ಬೆಳ್ಳಕ್ಕಿಯಂತೆ ಕೂತೆ. ಜನರಿಗೆ ಅದು ಇನ್ನೂ ದೊಡ್ಡ ಮೌನವಾಗಿ ಕಂಡಿತು.

ಮಾಬೂಬಿ ಬಂದದ್ದು ಆಗ. ಕೆರೆಯ ರಸ್ತೆಯ ಬದಿ ಇದ್ದಿಲ ಒಲೆ ಇಟ್ಟುಕೊಂಡು ಗೊಂಜಾಳದ ತೆನೆ ಸುಟ್ಟು ಮಾರುವ ಹೆಂಗಸು, ನನ್ನದೇ ವಯಸ್ಸು ಇರಬಹುದು. ವ್ಯಾಪಾರ ಶುರುವಾಗುವ ಮೊದಲು ಒಂದು ತೆನೆ ಸುಟ್ಟು, ಖಾರ ಉಪ್ಪು ಹಚ್ಚದೆ, ಎಲೆಯಲ್ಲಿ ಸುತ್ತಿ ನನ್ನ ಬೆಂಚಿನ ಮೇಲೆ ಇಟ್ಟು ಹೋಗುತ್ತಿದ್ದಳು. ಗಟ್ಟಿ ಪದಾರ್ಥ ತಿನ್ನುವಂತಿರಲಿಲ್ಲ, ಮನೆಗೆ ಒಯ್ದು ಮಗಳಿಗೆ ಕೊಡುತ್ತಿದ್ದೆ. ಆಮೇಲಾಮೇಲೆ ಅವಳು ಅಲ್ಲೇ ನೆಲದ ಮೇಲೆ ಕೂತು ಮಾತಾಡಲು ಹತ್ತಿದಳು.

“ನಮ್ಮಾಗೂ ಹಿಂಗ ಚಿಲ್ಲಾ ಕುಂದರತಾರ್ರಿ ಅಮ್ಮಾರ. ಊರ ಹೊರಗ ಒಬ್ಬರ ಇದ್ದು, ಯಾರ ಕೂಡಾನೂ ಮಾತಾಡಂಗಿಲ್ಲ. ಅಂಥವರ ಮುಂದ ಹೇಳಿಕೊಂಡ್ರ ದೇವರಿಗೆ ಮುಟ್ಟತೈತಂತ.”

ಅವಳ ಗಂಡ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಒಬ್ಬಳೇ ಮಗಳು, ದೀಪಾವಳಿ ಆದ ಮೇಲೆ ಮದುವೆ. ಬೀಗರು ಧಾರವಾಡದವರು, ಛಲೋ ಮಂದಿ, ಆದರೆ ಬೀಗಿತ್ತಿಯ ಬಾಯಿ ದೊಡ್ಡದು. ಇವೆಲ್ಲ ನನಗೆ ದಿನಕ್ಕೊಂದಿಷ್ಟು ಗೊತ್ತಾದವು. ನಿಜ ಹೇಳುತ್ತೇನೆ, ಅವಳು ಮಾತಾಡುವಷ್ಟು ಹೊತ್ತು ನನ್ನ ಕಾಲು ಅಲ್ಲಾಡುವುದು ಸ್ವಲ್ಪ ಕಡಿಮೆಯಾಗುತ್ತಿತ್ತು. ಬಾಯಿ ಇದ್ದಾಗ ಯಾರ ಮಾತನ್ನೂ ನಾನು ಕೊನೆಯತನಕ ಕೇಳಿದವಳಲ್ಲ. ಅರ್ಧಕ್ಕೇ ಉಪದೇಶ ಶುರುಮಾಡುತ್ತಿದ್ದೆ. ಮಗಳು ಎಷ್ಟೋ ಸಲ “ಅವ್ವಾ, ನಂದು ಇನ್ನೂ ಮುಗದಿಲ್ಲ” ಎಂದದ್ದು ಅಲ್ಲಿ ಕೂತಾಗ ನೆನಪಾಯಿತು.

ಒಂದು ಮುಂಜಾನೆ ಮಾಬೂಬಿ ತೆನೆ ತರಲಿಲ್ಲ. ಬರಿಗೈಯಲ್ಲಿ ಬಂದು, ಆಚೆಈಚೆ ನೋಡಿ, ನನ್ನ ಮೊಳಕಾಲಿನ ಹತ್ತಿರ ಕೂತಳು. ಸೆರಗನ್ನು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಿದ್ದಳು.

“ಅಮ್ಮಾರ, ಇದನ್ನ ಯಾರ ಮುಂದೂ ಹೇಳಿಲ್ರಿ. ನಮ್ಮವರ ಮುಂದೂ ಹೇಳಿಲ್ಲ. ಇಲ್ಲಿ, ಎಡಕ್ಕ ಒಂದ ಗಂಟ ಆಗೈತ್ರಿ. ಮೊದಲ ಬಟಾಣಿಕಾಳಿನಷ್ಟ ಇತ್ತು. ಈಗ ಲಿಂಬಿಹಣ್ಣಿನಷ್ಟ ಆಗೈತಿ. ಬ್ಯಾನಿ ಇಲ್ಲ. ಅದಕ್ಕ ಸುಮ್ಮನ ಅದೇನಿ. ದವಾಖಾನಿಗೆ ಹ್ವಾದ್ರ ಸುದ್ದಿ ಬೀಗರಿಗೆ ಮುಟ್ಟತೈತಿ, ಮಗಳ ಲಗ್ನ ಮುರೀತೈತಿ. ಲಗ್ನ ಮುಗಿಯೂತನಕ ಇದು ಹಿಂಗ ಇರ್ಲಿ ಅಂತ ದುವಾ ಮಾಡ್ರಿ. ನನ್ನ ತಲಿಮ್ಯಾಲೆ ಒಂದ ಸಲ ಕೈ ಇಡ್ರಿ, ಸಾಕು.”

ನೋವಿಲ್ಲದ ಗಂಟು! ನನ್ನ ಮನೆಯಲ್ಲಿ ಅತ್ತೆ ಬಾಗಿಲು ಹಾಕಿ ಹೇಳಿದ ಮಾತನ್ನೇ ಇವಳು ಕೆರೆಯ ದಂಡೆಯಲ್ಲಿ ಕೂತು ಹೇಳುತ್ತಿದ್ದಾಳೆ. ಅಲ್ಲಿಯೂ ಮಗಳ ಮದುವೆ, ಇಲ್ಲಿಯೂ ಮಗಳ ಮದುವೆ. ನನ್ನ ಅತ್ತೆಯ ಸುಳ್ಳಿನಿಂದಾಗಿ ಇವಳು ಡಾಕ್ಟರರ ಮುಂದೆ ಹೇಳಬೇಕಾದದ್ದನ್ನು ಒಬ್ಬ ಡ್ರಿಲ್ ಟೀಚರ್ ಮುಂದೆ ಹೇಳಿಕೊಂಡು, ಕೆಲಸ ಮುಗಿಯಿತೆಂದು ಹಗುರಾಗಿ ತೆನೆ ಸುಡಲು ಹೋಗುವವಳಿದ್ದಳು. ‘ಎದ್ದೇಳು, ದವಾಖಾನಿಗೆ ನಡಿ!’ ಎಂಬ ಕೂಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಹಲ್ಲು ಕಚ್ಚಿ ನುಂಗಿದೆ. ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡಿ ತಾನೂ ಅತ್ತಳು.

ಫೋನಿನಲ್ಲಿ ಬರೆದು ತೋರಿಸಿದೆ. “ನನಗ ಓದಾಕ ಬರಂಗಿಲ್ರಿ,” ಎಂದಳು. ದಾರಿಯಲ್ಲಿ ಹೋಗುವವರನ್ನು ಕರೆದು ಓದಿಸಬಹುದಿತ್ತು. ಆದರೆ ಗಂಡನಿಗೂ ಹೇಳದ ಮಾತನ್ನು ಕಂಡವರ ಬಾಯಲ್ಲಿ ಹೇಗೆ ಹಾಕಲಿ? ಮತ್ತೇನು ಮಾಡಲಿ? ಮೈದಾನದಲ್ಲಿ ಹಟ ಮಾಡಿ ಕೂತ ಹುಡುಗರನ್ನು ಎಬ್ಬಿಸುವ ಹಾಗೆ ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ರಸ್ತೆಗೆ ನಡೆಸಿಕೊಂಡು ಹೋಗಿ ಆಟೋ ನಿಲ್ಲಿಸಿ, ಡ್ರೈವರನಿಗೆ ಫೋನಿನಲ್ಲಿ ವಿಳಾಸ ತೋರಿಸಿದೆ. ಮಾಬೂಬಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಕ್ಕದ ಶೇಂಗಾ ಮಾರುವವಳಿಗೆ “ಒಲಿ ನೋಡಕೋ ಬೇ, ಅಮ್ಮಾರು ಎಲ್ಲೋ ಕರಕೊಂಡ ಹೊಂಟಾರ” ಎಂದು ಕೂಗಿ ಹತ್ತಿ ಕೂತಳು. ಯಾವುದೋ ಗುಡಿಗೋ ದರ್ಗಾಕ್ಕೋ ಹೊರಟಿದ್ದೇವೆ ಅಂದುಕೊಂಡಿರಬೇಕು. ಅವಳ ಆ ನಂಬಿಕೆ ನೋಡಿ ನನಗೆ ನಾಚಿಕೆಯೂ ಆಯಿತು, ಸದ್ಯ ನಂಬಿದ್ದಾಳಲ್ಲ ಎಂದು ಸಮಾಧಾನವೂ ಆಯಿತು.

ದವಾಖಾನೆಯ ಬಾಗಿಲಲ್ಲಿ ಅವಳ ಕಾಲು ನಿಂತವು. ನಾನು ರಟ್ಟೆ ಬಿಡಲಿಲ್ಲ. ಒಳಗೆ ಕರೆದೊಯ್ದು ಕೌಂಟರಿನ ಹುಡುಗಿಗೆ ಫೋನಿನಲ್ಲಿ ಬರೆದು ಕೊಟ್ಟೆ: ಇವರಿಗೆ ಎದೆಯಲ್ಲಿ ಗಂಟು, ಲೇಡಿ ಡಾಕ್ಟರಿಗೆ ತೋರಿಸಬೇಕು. ಅವಳು ಓದಿ ತಲೆಯಾಡಿಸಿ, ನಂತರ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಆತ್ರಿ, ಕೂಡ್ರಿ. ಸುವರ್ಣಾ ಮೇಡಂ, ನಿಮ್ಮ ಗಂಟಲದ ರಿಪೋರ್ಟ ಇನ್ನೂ ಬಂದಿಲ್ರಿ. ಮಾತಾಡಿಲ್ಲ ಹೌದಿಲ್ರಿ? ಡಾಕ್ಟರ್ ಮೇಡಂ ಬೈತಾರ ನೋಡ್ರಿ ಮತ್ತ!”

ಮಾಬೂಬಿ ನನ್ನ ಮುಖ ನೋಡಿದಳು, ಗಂಟಲಿನ ಮಫ್ಲರ್ ನೋಡಿದಳು.

“ಅಂದ್ರ ನೀವು ಚಿಲ್ಲಾ ಕುಂತಾವರಲ್ಲೇನು? ಪೇಷಂಟೇನು ನೀವು?”

ನಾನು ಹೌದೆಂದು ತಲೆಯಾಡಿಸಿದೆ.

ಅವಳ ಮುಖ ಕೆಂಪಾಯಿತು. “ಹಾಯ್ ಅಲ್ಲಾ! ನನ್ನ ಮನಿ ಮಾತೆಲ್ಲಾ ಕೇಳಿಕೊಂತ ಕುಂತ್ರೆಲ್ಲಾ! ನನ್ನ ಗಂಡಗ ಹೇಳದ್ದನ್ನ ನಿಮಗ ಹೇಳಿದ್ನೆಲ್ಲಾ! ಹಿಂಗ ಮೋಸ ಮಾಡೂದೇನ್ರಿ?” ಕೈ ಕೊಸರಿಕೊಂಡು ಬಾಗಿಲಿನ ಕಡೆ ಹೊರಟಳು. ಕೂತವರೆಲ್ಲ ಕತ್ತು ತಿರುಗಿಸಿದರು.

ನಾನು ಬಾಗಿಲಿಗೆ ಅಡ್ಡ ನಿಂತೆ. ಕೈ ಮುಗಿದೆ. ಅವಳು ನಿಲ್ಲಲಿಲ್ಲ, ನನ್ನನ್ನು ಪಕ್ಕಕ್ಕೆ ಸರಿಸಿದಳು. ಈಗ ಹೊಸಿಲು ದಾಟಿದರೆ ಇವಳು ಮತ್ತೆ ಯಾವ ದವಾಖಾನೆಯ ಮೆಟ್ಟಿಲನ್ನೂ ಹತ್ತುವವಳಲ್ಲ. ಅದು ನನಗೆ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. ನನ್ನ ಗಾಯ, ನನ್ನ ಧ್ವನಿ, ಮೈದಾನ, ಮೇಡಂ ಹೇಳಿದ ಎಚ್ಚರಿಕೆ ಎಲ್ಲ ಒಟ್ಟಿಗೆ ನೆನಪಿದ್ದವು. ಮರೆತು ಮಾತಾಡಿದೆ ಎಂದರೆ ಸುಳ್ಳಾದೀತು.

“ಕೂಡ್ರಿ,” ಎಂದೆ.

ಅದು ನನ್ನ ಧ್ವನಿಯೇ ಅಲ್ಲ. ಹಳೆಯ ಬಟ್ಟೆ ಹರಿದಂತೆ ಬಂತು. ಮಾಬೂಬಿ ತಿರುಗಿದಳು.

“ನನಗೂ ಅಂಜಿಕಿ ಆಗೇತಿ. ಕ್ಯಾನ್ಸರ್ ಐತೇನಂತ ಅಂಜೀನಿ. ಯಾರಿಗೂ ಹೇಳಿಲ್ಲ. ಒಬ್ಬಾಕಿಗೇ ಕೂಡಾಕ ಆಗವಲ್ದು. ಕೂಡ್ರಿ.”

ಇಡೀ ಕೋಣೆ ಕೇಳಿತು. ನನ್ನ ಮನೆಯವರಿಗೆ, ಮಗಳಿಗೆ, ಯಾರಿಗೂ ಹೇಳದ ಮಾತು ಅಪರಿಚಿತರ ನಡುವೆ ಬಿತ್ತು. ಗಂಟಲು ಉರಿಯತೊಡಗಿತು. ನಾನು ಗೋಡೆಗೆ ಒರಗಿ ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದೆ. ಮಾಬೂಬಿ ಹೊಸಿಲಿನ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಂದು ನನ್ನ ಭುಜ ಹಿಡಿದು ಕುರ್ಚಿಯ ಮೇಲೆ ಕೂಡಿಸಿ, ಪಕ್ಕದಲ್ಲಿ ತಾನೂ ಕೂತಳು.

“ಮಾತಾಡಬ್ಯಾಡ್ರಿ ಈಗ,” ಎಂದಳು. “ಅದೇನೋ ಬೈತಾರಂತಲ್ಲ.”

ಅವಳ ಹೆಸರು ಕರೆದಾಗ ನನ್ನ ಕೈ ಬಿಡದೆ ಒಳಗೆ ಕರೆದುಕೊಂಡು ಹೋದಳು.

ನನ್ನ ಡಾಕ್ಟರ್ ಮೇಡಂ ಬೈದರು, ಸರಿಯಾಗಿಯೇ ಬೈದರು. “ಇಷ್ಟ ದಿನಾ ತಡಕೊಂಡ್ರಿ, ಇವತ್ತ ಏನಾಗಿತ್ರಿ ನಿಮಗ?” ಮತ್ತೆ ಕ್ಯಾಮೆರಾ ಇಳಿಸಿದರು, ಮೌನ ಇನ್ನಷ್ಟು ದಿನ ಮುಂದಕ್ಕೆ ಹೋಯಿತು. ರಿಪೋರ್ಟ್ ಆ ವಾರವೇ ಬಂತು. ಕ್ಯಾನ್ಸರ್ ಅಲ್ಲ. ಆದರೆ ಮುಂದೆ ಆಗುವ ಸಾಧ್ಯತೆ ಇರುವಂಥ ಬದಲಾವಣೆ, ಹಾಗಾಗಿ ಆಗಾಗ ಬಂದು ತೋರಿಸುತ್ತಲೇ ಇರಬೇಕು. ಮನೆಯವರು ಅದನ್ನು ಕೇಳಿದವರೇ ಹೊರಗೆ ಹೋಗಿ ಪೇಡೆ ತಂದರು. ‘ಆಗಾಗ ತೋರಿಸಬೇಕು’ ಎನ್ನುವುದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ, ನಾನಂತೂ ಕೇಳಿಸಿಕೊಂಡೆ. ಪ್ರತಿ ಸಲ ಹೋಗುವ ಹಿಂದಿನ ದಿನ ಊಟ ಸೇರುವುದಿಲ್ಲ. ಈಗಲೂ ಸೇರುವುದಿಲ್ಲ.

ಧ್ವನಿ ಮರಳಿ ಬಂತು, ಪೂರ್ತಿ ಅಲ್ಲ. ಕೆಳದನಿಯ ಮಾತು ಬರುತ್ತದೆ, ಕೂಗು ಬರುವುದಿಲ್ಲ. ಏರಿಸಲು ಹೋದರೆ ನಡುವೆ ಒಡೆಯುತ್ತದೆ. ಅವತ್ತು ಆಡಿದ ಮಾತಿನಿಂದ ಹೀಗಾಯಿತೋ, ಮೊದಲೇ ಹೀಗಾಗುವುದಿತ್ತೋ ಹೇಳಲಾಗದು ಎಂದರು ಮೇಡಂ. ಕೆಲವು ದಿನ ಮೈದಾನದ ನಡುವೆ ನಿಂತಾಗ ಬಹಳ ಸಂಕಟವಾಗುತ್ತದೆ. ಸುಳ್ಳು ಯಾಕೆ ಹೇಳಲಿ? ಹುಡುಗರು ಈಗ ನನ್ನ ಮಾತು ಕೇಳಲು ಹತ್ತಿರ ಬಂದು ನಿಲ್ಲುತ್ತಾರೆ. ಅದಕ್ಕೂ ರೂಢಿಯಾಗಬೇಕು.

ಮಾಬೂಬಿಯ ಗಂಟು ಮಾತ್ರ ಕ್ಯಾನ್ಸರೇ ಆಗಿತ್ತು. ಆಪರೇಶನ್ ಆಯಿತು. ಗಂಡನಿಗೆ ಅವಳೇ ಹೇಳಿದಳು, ನಾನು ಪಕ್ಕದಲ್ಲಿ ಕೂತಿದ್ದೆ. ಬೀಗರಿಗೂ ಅವಳೇ ಹೇಳಿದಳು. ಅವರು ಮದುವೆಯನ್ನು ಮುಂದೆ ಹಾಕಿದರು, ಮುರಿಯಲಿಲ್ಲ. ದೊಡ್ಡ ಬಾಯಿಯ ಆ ಬೀಗಿತ್ತಿ ದವಾಖಾನೆಗೆ ಬಂದು, “ಮೊದಲ ಹೇಳಾಕ ಏನಾಗಿತ್ತ ನಿನಗ?” ಎಂದು ವಾರ್ಡೆಲ್ಲ ಕೇಳುವಂತೆ ಬೈದು, ತಾನೇ ಗಂಜಿ ಕುಡಿಸಿ ಹೋದಳಂತೆ.

ಆಪರೇಶನ್ನಿನ ಗಾಯ ಮಾಯ್ದ ಮೇಲೆ ಕೀಮೋ ಶುರುವಾಯಿತು. ಮೊದಲ ದಿನ ನಾನು ಜೊತೆಗೆ ಹೋದೆ. ಆಗ ನನಗೆ ಮಾತಾಡಲು ಅಪ್ಪಣೆ ಸಿಕ್ಕಿತ್ತು. ನರ್ಸ್ ಅವಳ ಕೈಗೆ ಸೂಜಿ ಚುಚ್ಚಿ ಬಾಟಲಿ ತೂಗುಹಾಕಿದ ಕೂಡಲೇ ನಾನು ನನ್ನ ಒಡಕು ಧ್ವನಿಯಲ್ಲಿ ಶುರುಮಾಡಿದೆ. ಏನೂ ಆಗುವುದಿಲ್ಲ, ಗಟ್ಟಿ ಇರಬೇಕು, ಎಷ್ಟೋ ಜನ ಆರಾಮಾಗಿದ್ದಾರೆ, ಆಳವಾಗಿ ಉಸಿರು ತಗೊಳ್ಳಿ, ಮಗಳ ಮದುವೆಗೆ ನಾವು ಕುಣಿಯಬೇಕು. ಎದ್ದು ಬಾಟಲಿ ನೋಡುವೆ, ಕಿಟಕಿ ತೆರೆಯುವೆ, ಮುಚ್ಚುವೆ, ದಿಂಬು ಸರಿಮಾಡುವೆ. ಮಾಬೂಬಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ತುಟಿ ಬಿಳಿಚಿಕೊಂಡಿದ್ದವು.

“ಅಕ್ಕಾರ,” ಎಂದಳು ಕಣ್ಣು ತೆರೆಯದೆ, “ಧೈರ್ಯಾ ಹೇಳಾವರು ಭಾಳ ಮಂದಿ ಅದಾರ್ರಿ. ನೀವು ಸುಮ್ಮ ಕೂಡ್ರಿ. ನಾ ಹೇಳ್ತೇನಿ, ನೀವು ಕೇಳ್ರಿ.”

ನಾನು ಬಾಯಿ ಮುಚ್ಚಿದೆ. ಸ್ಟೂಲು ಎಳೆದು ಮಂಚಕ್ಕೆ ತಾಗಿಸಿಕೊಂಡು ಕೂತೆ. ಅವಳು ಸೂಜಿ ಇಲ್ಲದ ಕೈಯನ್ನು ನನ್ನ ಕಡೆ ಚಾಚಿದಳು. ಆಮೇಲೆ, “ಭಾಳ ಅಂಜಿಕಿ ಆಗಾಕತ್ತೇತ್ರಿ,” ಎಂದಳು.

ಅಂಜಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಅವಳ ಕೈ ಹಿಡಿದುಕೊಂಡು, ಬಾಟಲಿ ಮುಗಿಯುವವರೆಗೆ ಅಲ್ಲಾಡದೆ ಕೂತೆ.